ಹನ್ನೆರಡರವರೆಗೆ

ಬಾಗಿಲಿನಾಚೆ ಯಾರೋ ತನ್ನ ತಂಗಿಯನ್ನು ಬೈಯುತ್ತಿರುವುದು ಅಣ್ಣನಿಗೆ ಮೆಟ್ಟಿಲ ಮೇಲೆಯೇ ಕೇಳಿಸಿತು.

"ಮುಖ ನೋಡ್ಕೊಂಡಿದೀಯ ಕನ್ನಡೀಲಿ? ಆರು."

ಗಂಡಸಿನ ದನಿ. ಏರಿಲ್ಲ, ಇಳಿತವಿಲ್ಲ. ಅಣ್ಣ ಅಲ್ಲೇ ನಿಂತ. ಅವನು ಬಂದದ್ದು ಜಗಳಕ್ಕೇ. ಜಿಮ್ಮಿನ ಆ ತರಬೇತುದಾರನ ಚಳಿ ಬಿಡಿಸಿ, ತಂಗಿಯನ್ನು ಎಳೆದುಕೊಂಡು ಹೋಗುವುದೆಂದು ಊಟದ ಹೊತ್ತಿಗೆ ಅಂಗಡಿಯ ಬಾಗಿಲು ಎಳೆದುಕೊಂಡು ಬಂದಿದ್ದ. ಆದರೆ ಅವನು ಅಂದುಕೊಂಡಿದ್ದ ಅಪರಾಧವೇ ಬೇರೆ, ಕಿವಿಗೆ ಬೀಳುತ್ತಿದ್ದುದೇ ಬೇರೆ.

ಜಿಮ್ಮಿಗೆ ಸೇರಿದ ಮೇಲೆ, ನಾಲ್ಕು ತಿಂಗಳಿಂದ ತಂಗಿಯ ಧಾಟಿಯೇ ಬದಲಾಗಿತ್ತು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ತಲೆ ತಗ್ಗಿಸಿ ಲೆನ್ಸು ಉಜ್ಜುತ್ತಿದ್ದವಳು ಈಗ ಮುಂದೆ ಬಂದು ಗಿರಾಕಿಗಳೊಂದಿಗೆ ಮುಖ ಕೊಟ್ಟು ಮಾತಾಡುತ್ತಿದ್ದಳು. ಕೂಗಿದರೆ ಓಡಿಬರುತ್ತಿದ್ದವಳು "ಇರು, ಬಂದೆ" ಎನ್ನುತ್ತಿದ್ದಳು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನಿನ್ನೆ ಅವಳ ಮೇಜಿನ ಮೇಲೆ ದೊಡ್ಡ ಕಣ್ಣಾಸ್ಪತ್ರೆಯ ಪತ್ರ ಸಿಕ್ಕಿತ್ತು. ಸೋಮವಾರದಿಂದ ಕೆಲಸಕ್ಕೆ ಬರಬಹುದಂತೆ. ಅವಳು ಅಣ್ಣನ ಹತ್ತಿರ ಬಾಯಿ ಬಿಟ್ಟಿರಲಿಲ್ಲ.

ತಾನಾಗಿ ಇಷ್ಟು ಧೈರ್ಯ ಮಾಡುವ ಪೈಕಿ ಅವಳಲ್ಲ. ಯಾವನೋ ತಲೆ ಕೆಡಿಸಿದ್ದಾನೆ. ಯಾವನೆಂದು ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅವಳು ಹೋದರೆ ಅಂಗಡಿ ಮುಚ್ಚಿದಂತೆಯೇ. ನಗುನಗುತ್ತಾ ಫ್ರೇಮು ಮಾರಲು ಅವನಿಗೆ ಬರುತ್ತಿತ್ತು. ನಂಬರಿಗೆ ತಕ್ಕಂತೆ ಲೆನ್ಸು ಉಜ್ಜಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸುವ ಕೈ ಅವಳದು. ಇದನ್ನು ಅವನು ಅವಳೆದುರು ಒಂದು ದಿನವೂ ಆಡಿರಲಿಲ್ಲ. ಹೊಗಳಿದರೆ ತಲೆಗೇರುತ್ತದೆ ಎಂದು ಅವನ ಲೆಕ್ಕ.

"ನೀನು ಮುಂದೆ ನಿಂತ್ರೆ ಬರೋ ಗಿರಾಕಿನೂ ಬರಲ್ಲ. ಏಳು."

ನಮ್ಮ ಗಿರಾಕಿಗಳ ಉಸಾಬರಿ ಇವನಿಗೇಕೆ? ಹುಚ್ಚು ಹುಡುಗಿ, ಒಳಗಿನ ಮಾತೆಲ್ಲ ಇವನ ಕಿವಿಗೆ ಸುರಿದಿದ್ದಾಳೆ. ಇವನು ಅದನ್ನೇ ಹಿಡಿದು ಚುಚ್ಚುತ್ತಿದ್ದಾನೆ. ಅಣ್ಣನ ಮೈ ಉರಿಯತೊಡಗಿತು.

"ಉಸಿರು ಬಿಡಿ ಮೇಡಂ, ಬೆನ್ನು ನೇರ ಇರಲಿ," ಎಂದ ದನಿ ತಕ್ಷಣವೇ ಮುಂದುವರಿಯಿತು. "ಎಷ್ಟು ಸಲ ಹೇಳಿದ್ರೂ ಅಷ್ಟೇ. ನಿಂದು ತಲೆಯೋ ಮಡಕೆಯೋ? ಎಂಟು."

ಮೇಡಂ ಅನ್ನುವುದೂ ಅದೇ ಬಾಯಿ, ಮಡಕೆ ಅನ್ನುವುದೂ ಅದೇ ಬಾಯಿ. ಬೇಕೆಂದೇ ಆಡಿಕೊಳ್ಳುತ್ತಿದ್ದಾನೆ, ಠಕ್ಕ.

ಅರ್ಧ ತೆರೆದ ಬಾಗಿಲಲ್ಲಿ ಅವನು ಇಣುಕಿದ. ಎರಡೂ ತುದಿಗೆ ಬಿಲ್ಲೆ ಸಿಕ್ಕಿಸಿದ ಕಬ್ಬಿಣದ ಸರಳನ್ನು ತೊಡೆಯ ಮಟ್ಟದಲ್ಲಿ ಹಿಡಿದು ತಂಗಿ ನಿಂತಿದ್ದಳು. ಮುಖ ಕೆಂಪಾಗಿತ್ತು, ತೋಳು ನಡುಗುತ್ತಿತ್ತು. ಎದುರಿಗೆ ಕೈಕಟ್ಟಿಕೊಂಡು ನಿಂತಿದ್ದವನು ದೈತ್ಯನೇನಲ್ಲ. ನರೆತ ಕೂದಲಿನ ಸಣಕಲ ಆಸಾಮಿ. ಗೋಡೆಯ ಮೇಲೆ 'ಆತ್ಮವಿಶ್ವಾಸವೇ ನಿಜವಾದ ಬಲ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಭಲೇ ಆತ್ಮವಿಶ್ವಾಸ, ಅಂದುಕೊಂಡ ಅಣ್ಣ.

"ನಿನ್ನ ಇಟ್ಕೊಂಡಿರೋದೇ ಕನಿಕರಕ್ಕೆ. ಒಂಬತ್ತು."

ಸರಳು ಒಮ್ಮೆ ವಾಲಿತು. ತಂಗಿ ಹಲ್ಲು ಕಚ್ಚಿ ನೆಟ್ಟಗಾದಳು.

"ಯಾವುದಾದ್ರೂ ಒಂದು ಕೆಲಸ ನೆಟ್ಟಗೆ ಮಾಡಿದೀಯ? ಹತ್ತು."

ಅವಳ ಕಣ್ಣಲ್ಲಿ ನೀರು ತುಂಬಿತು.

"ಅಳು. ಅದೊಂದು ಚೆನ್ನಾಗಿ ಬರತ್ತೆ ನಿನಗೆ. ಹನ್ನೊಂದು."

ಅಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ತಂಗಿಯೆಂದರೆ ಅವನಿಗೆ ಜೀವ; ಅದರಲ್ಲಿ ಸುಳ್ಳಿಲ್ಲ. ಬಾಗಿಲು ತಳ್ಳಿ ನುಗ್ಗಿದವನೇ ತರಬೇತುದಾರನ ಕೊರಳಪಟ್ಟಿಗೆ ಕೈ ಹಾಕಿದ.

"ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ಹೆಣ್ಣುಮಗಳ ಜೊತೆ ಆಡೋ ಮಾತಾ ಇದು? ನಿನ್ನ ಮನೇಲಿ ಅಕ್ಕತಂಗಿಯರಿಲ್ವಾ?"

"ಇದಾರೆ ಸರ್," ಎಂದ ಅವನು, ಕೊಸರಾಡದೆ. "ಅವರಿಗೆ ಯಾವತ್ತೂ ಹೀಗೆ ಹೇಳಿಲ್ಲ."

"ಮತ್ತೆ ಇವಳೇನು ಬಿಟ್ಟಿ ಬಿದ್ದಿದಾಳಾ?"

ತರಬೇತುದಾರ ತಂಗಿಯ ಕಡೆ ನೋಡಿದ. ಸರಳು ಅವಳ ಕೈಯಲ್ಲೇ ಇತ್ತು.

"ಇಳಿಸು ಅದನ್ನ," ಎಂದ ಅಣ್ಣ. "ಕಂಡಕಂಡೋರ ಹತ್ರ ಅನ್ನಿಸ್ಕೊಳ್ಳೋ ಗತಿ ನಿನಗೇನು ಬಂದಿದೆ? ನಡಿ."

ಅವಳು ಇಳಿಸಲಿಲ್ಲ. ಅಣ್ಣನ ಪಿತ್ತ ನೆತ್ತಿಗೇರಿತು. ನಿನ್ನೆಯ ಪತ್ರವೂ ನೆನಪಾಯಿತು.

"ಇಳಿಸು ಅಂದ್ನಲ್ಲ. ನಾನೊಬ್ಬ ಇಲ್ದಿದ್ರೆ ನಿನ್ನ ಕೇಳೋರು ಯಾರಿದಾರೆ?"

ಕೊರಳಪಟ್ಟಿ ಇನ್ನೂ ಅಣ್ಣನ ಮುಷ್ಟಿಯಲ್ಲಿದ್ದಾಗಲೇ ತರಬೇತುದಾರ ಮೆಲ್ಲಗೆ, "ಹನ್ನೆರಡು," ಎಂದ. "ಸಾಕು ಮೇಡಂ. ಈಗ ಇಳಿಸಿ. ಇವತ್ತೇ ಮೊದಲ ಸಲ, ಮಧ್ಯದಲ್ಲಿ ಬಿಡಲಿಲ್ಲ ನೀವು."

ಅವಳು ಆತುರಪಡಲಿಲ್ಲ. ಮೊಣಕಾಲು ಬಗ್ಗಿಸಿ ಸರಳನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಕಣ್ಣೊರೆಸಿಕೊಂಡು ಅಣ್ಣನನ್ನೇ ನೇರವಾಗಿ ನೋಡಿದಳು.

"ಅಣ್ಣ, ಸೋಮವಾರದಿಂದ ನಾನು ಅಂಗಡಿಗೆ ಬರಲ್ಲ. ಆಸ್ಪತ್ರೆ ಕೆಲಸಕ್ಕೆ ಹೋಗ್ತಿದೀನಿ."

ದನಿ ನಡುಗಲಿಲ್ಲ. ಅಣ್ಣ ತರಬೇತುದಾರನನ್ನು ಗೋಡೆಗೆ ಒತ್ತಿದ. "ಇಷ್ಟು ಕೆಟ್ಟದಾಗಿ ಅಂದ್ರೂ ಇವಳು ನಿನ್ನ ಮಾತೇ ಕೇಳೋ ಹಾಗೆ ಮಾಡಿದೀಯಲ್ಲ. ಎಲ್ಲಿ ಕಲಿತೆ ಈ ಹೊಲಸು ಮಾತುಗಳನ್ನ?"

"ಒಂದೂ ನನ್ನದಲ್ಲ ಸರ್. ಸೇರಿದ ದಿನ ಇವರೇ ಬರೆದುಕೊಟ್ರು. ಈಗ ಬಾಯಿಪಾಠ ಆಗಿಬಿಟ್ಟಿದೆ."

ಅವನು ಜೇಬಿನಿಂದ ಒಂದು ಹಾಳೆ ತೆಗೆದುಕೊಟ್ಟ. ಮಡಿಕೆಗಳಲ್ಲಿ ಸವೆದಿತ್ತು. ತಂಗಿ ಲೆನ್ಸಿನ ನಂಬರು ಬರೆಯುವ ಅದೇ ದುಂಡು ಅಕ್ಷರ. ಒಂದರಿಂದ ಹನ್ನೆರಡರವರೆಗೆ ಸಾಲುಗಳು. ಅಣ್ಣ ಮೇಲಿನಿಂದ ಓದತೊಡಗಿದ.

'ಅಂಗಡಿಯಲ್ಲಿ ಅಣ್ಣ ನನಗೆ ದಿನಾ ಹೇಳುವ ಮಾತುಗಳು. ಭಾರ ಹಿಡಿದು ನಿಂತಾಗ ಒಂದೊಂದಾಗಿ ಹೇಳಿ.'