ಗ್ಯಾಪ್

ಸಂದರ್ಶನ ಇನ್ನೇನು ಶುರುವಾಗಬೇಕು ಅನ್ನುವಾಗ ಶಾಲೆಯ ಆಟೊ ಬಂತು. "ಲೇ ಗ್ಯಾಪ್, ನಾಳಿ ಲಗೂನ ರೆಡಿ ಆಗು" ಎಂದು ಕೂಗಿ ಡ್ರೈವರ್ ಜಡೆಪ್ಪ ಹಾರನ್ ಒತ್ತುತ್ತಾ ಹೋದ. ಮುಂದಿನ ಹಲ್ಲು ಬಿದ್ದಾಗಿನಿಂದ ಮೌನಿಕಾಳಿಗೆ ಅವನು ಇಟ್ಟ ಹೆಸರು ಅದು. ಅವಳು ಬಾಯಿಯ ಖಾಲಿ ಜಾಗ ಪೂರ್ತಿ ಕಾಣುವಂತೆ ನಗುತ್ತಾ ಒಳಗೆ ಬಂದಳು.

ಅವಳ ತಾಯಿ ಯಶೋಧರಾ ಕಿಟಕಿಗಳನ್ನು ಮುಚ್ಚುತ್ತಿದ್ದಳು. ಕೌಲ್ ಬಜಾರಿನ ಗದ್ದಲ ತಗ್ಗಿತು. ಪಕ್ಕದ ಮನೆಯ ಜೀನ್ಸ್ ಹೊಲಿಯುವ ಮಷಿನ್ ಮಾತ್ರ ನಿಲ್ಲಲಿಲ್ಲ. ಸಿರುಗುಪ್ಪದ ಭತ್ತದ ಗದ್ದೆಗಳ ಉಪ್ಪುಗಟ್ಟಿದ ಸವಳು ಮಣ್ಣಿನ ಮೇಲೆ ಯಶೋಧರಾ ಪಿಎಚ್‌ಡಿ ಮಾಡಿದ್ದಳು. ಈಗ ಅದೇ ಮಣ್ಣಿನ ಮೇಲೆ ಪೋಸ್ಟ್‌ಡಾಕ್ಟರಲ್ ಸಂಶೋಧನೆಗೆ ವಿಶ್ವವಿದ್ಯಾಲಯವೊಂದು ಅರ್ಜಿ ಕರೆದಿತ್ತು. ಈ ವರ್ಷ ದಾಟಿದರೆ ಅವಳ ವಯಸ್ಸು ಮಿತಿ ಮೀರುತ್ತಿತ್ತು. ಹೋದ ಸಲ ಬೇರೆ ಕಡೆಯ ಸಂದರ್ಶನದಲ್ಲಿ, ಮಗಳು ಹುಟ್ಟಿದ್ದಕ್ಕೆ ಕೆಲಸ ಹುಡುಕಲಿಲ್ಲ ಅಂದ ಕೂಡಲೇ ಎದುರಿಗಿದ್ದವರು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಿದ್ದರು.

"ಗ್ಯಾಪ್ ಬಗ್ಗೆ ಕೇಳೇ ಕೇಳ್ತಾರ ಅತ್ತಿ." ಯಶೋಧರಾ ಲ್ಯಾಪ್‌ಟಾಪ್ ತೆರೆದಳು. ಓದು ಮುಗಿದ ಮೇಲೆ ಮನೆಯಲ್ಲೇ ಕಳೆದ ಆರು ವರ್ಷಗಳಿಗೆ ಅತ್ತೆ ಸೊಸೆ ಇಬ್ಬರೂ ಹಾಗೇ ಅನ್ನುತ್ತಿದ್ದರು.

"ಅತ್ತಿಗೆ ಜಡ್ಡಾಗಿತ್ತು ಅನ್ನು. ಬೇಕಾದ್ರ ಸಾಯಿಸಿಬಿಡು, ನಾನೇನು ಬ್ಯಾಡ ಅನ್ನಂಗಿಲ್ಲ" ಎಂದಳು ಅತ್ತೆ ಹಂಪಕ್ಕ, ಅಡಿಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಾ. "ಒಟ್ಟ ಆ ಗ್ಯಾಪ್ ಅವರ ಕಣ್ಣಿಗೆ ಬೀಳಬಾರ್ದು."

ಮೌನಿಕಾಳ ನಗು ನಿಂತಿತು. ಉಸಿರೂ ಎತ್ತಬಾರದು, ಈ ಕಡೆ ಬರಲೇಬಾರದು ಎಂದು ಹೇಳಿ ಯಶೋಧರಾ ಅವಳನ್ನು ಅಡಿಗೆಮನೆಗೆ ಕಳಿಸಿ ಬಾಗಿಲು ಎಳೆದುಕೊಂಡಳು.

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂವರು ಕಾಣಿಸಿಕೊಂಡರು. ಮಣ್ಣಿನ ಪ್ರಶ್ನೆಗಳಿಗೆ ಅವಳು ತಡವರಿಸಲಿಲ್ಲ. ಆರು ವರ್ಷದ ಮಾತು ಬಂದಾಗ ಅತ್ತೆಯ ಕಾಯಿಲೆ ಹೇಳಿದಳು. ಅವರು ತಲೆಯಾಡಿಸಿದರು. ಆಮೇಲೆ ನಡುವೆ ಕೂತಿದ್ದವರು ಕನ್ನಡಕ ಸರಿಪಡಿಸಿಕೊಂಡರು.

"ಸಿರುಗುಪ್ಪ, ಕುರುಗೋಡು ಎಲ್ಲ ಸುತ್ತಬೇಕಾಗುತ್ತೆ. ಮನೆಯಲ್ಲಿ ಚಿಕ್ಕ ಮಕ್ಕಳಿದಾರಾ?"

ಅದೇ ಹೊತ್ತಿಗೆ ಅಡಿಗೆಮನೆಯಲ್ಲಿ ಲೋಟವೊಂದು ಬಿದ್ದು ಉರುಳಿತು. ಯಶೋಧರಾ ಬಾಗಿಲ ಕಡೆ ತಿರುಗದೆ ಪರದೆಯನ್ನೇ ನೋಡಿದಳು. ಈಗ "ಅಮ್ಮಾ" ಅನ್ನುತ್ತಾಳೆ, ಈಗ ಬಾಗಿಲು ತೆಗೆಯುತ್ತಾಳೆ. ಲೋಟ ಗೋಡೆಗೆ ತಾಗಿ ನಿಂತಿತು. ಯಾರೂ ಬರಲಿಲ್ಲ.

"ಇಲ್ಲ ಸರ್."

ಆ ಮಾತು ಅಷ್ಟು ಸಲೀಸಾಗಿ ಬಂದಿದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಅವರು ತಮ್ಮೊಳಗೆ ಏನೋ ಮಾತಾಡಿಕೊಂಡು, ಸೋಮವಾರ ಬಂದು ಸೇರಿಕೊಳ್ಳಿ ಅಂದರು.

ಬಾಗಿಲು ತೆಗೆದರೆ ಹಂಪಕ್ಕ ತಲೆ ತಗ್ಗಿಸಿ ನಾದಿದ ಹಿಟ್ಟನ್ನೇ ಮತ್ತೆ ನಾದುತ್ತಿದ್ದಳು. ಮೂಲೆಯಲ್ಲಿ ಮೌನಿಕಾ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ನನ್ನ ಗ್ಯಾಪ್ ಅವರಿಗೆ ಕಾಣಲಿಲ್ಲ ಹೌದಲ್ಲಮ್ಮ?" ಬೆರಳ ಸಂದಿಯಿಂದ ಕೇಳಿದಳು.

ಯಶೋಧರಾ ಅವಳ ಮುಂದೆ ಮಂಡಿಯೂರಿ ಕೂತಳು. "ಕೆಲಸ ಸಿಕ್ತು ಮಗಾ. ಇನ್ನ ಕೈ ತಗಿ."

ಮೌನಿಕಾ ಇನ್ನೊಂದು ಕೈಯನ್ನೂ ಅದರ ಮೇಲೆ ಒತ್ತಿಕೊಂಡಳು.

"ಬ್ಯಾಡಮ್ಮ. ಅವರು ಮತ್ತ ನೋಡಿದ್ರ? ಹೊಸ ಹಲ್ಲು ಬರೂತನಕ ನಾ ನಗಂಗಿಲ್ಲ."