ತಲೆಯ ವೇಳೆ

ಹುಲಗಮ್ಮನ ಹೆಸರಿನ ಮುಂದೆ 'ಮಂದಬುದ್ಧಿ' ಎಂದು ಬರೆದವನು ಮುನ್ಷಿ ಗೋಣೆಪ್ಪನೇ. ಅದರ ಕೆಳಗೆ ಮ್ಯಾನೇಜರ್ ಸಾಹೇಬರ ದಸ್ಕತ್ತೂ ಬಿದ್ದಾಗಿತ್ತು. ನಾಳೆಯಿಂದ ಅವಳಿಗೆ ಕೊಪ್ಪಳದ ಹತ್ತಿ ಕಾರ್ಖಾನೆಯಲ್ಲಿ ಕೆಲಸವಿಲ್ಲ.

ಹೈದರಾಬಾದಿಗೆ ಹೋಗಿಬಂದ ಸಾಹೇಬರಿಗೆ ಹೊಸ ಹುಚ್ಚು ಹಿಡಿದಿತ್ತು. ಹತ್ತಿ ಆರಿಸುವ ಹೆಂಗಸರನ್ನು ಗಡಿಯಾರ ಹಿಡಿದು ಅಳೆಯಬೇಕು: ಒಂದು ಹಿಡಿಗೆ ಕೈಯ ವೇಳೆ ಎಷ್ಟು, ಬಿಳಿಯದೋ ಕಲೆ ಬಿದ್ದದ್ದೋ ಎಂದು ತಿಳಿಯಲು ತಲೆಯ ವೇಳೆ ಎಷ್ಟು. ಎಲ್ಲವನ್ನೂ ಸರ್ಕಾರಿ ಭಾಷೆ ಉರ್ದುವಿನಲ್ಲೇ ಬರೆಯಬೇಕೆಂದು ಹುಕುಂ. ಗೋಣೆಪ್ಪನಿಗೆ ಉರ್ದು ಹೊಸದು, ಆದರೂ ಗಡಿಯಾರ ಕೈಗೆ ಬಂದ ಮೂರು ದಿನ ಅವನ ಕಾಲು ನೆಲದ ಮೇಲಿರಲಿಲ್ಲ. ಉಳಿದವರ ತಲೆಗೆ ಎರಡು ಸೆಕೆಂಡು ಸಾಕಾಗಿತ್ತು. ಹುಲಗಮ್ಮ ಮಾತ್ರ ಪ್ರತಿ ಹಿಡಿಯನ್ನೂ ಎಂಟು ಸೆಕೆಂಡು ಕೈಯಲ್ಲೇ ಇಟ್ಟುಕೊಂಡು ಕೂತು, ಆಮೇಲೆ ಬುಟ್ಟಿಗೆ ಹಾಕುತ್ತಿದ್ದಳು.

ಸುದ್ದಿ ಕೇಳಿ ಅವಳು ಬುತ್ತಿಗಂಟು ಕಟ್ಟುತ್ತಿದ್ದಳು. ಗೋಣೆಪ್ಪನಿಗೆ ತಡೆಯಲಾಗಲಿಲ್ಲ.

"ಹದಿನೈದು ವರ್ಷ ಆರಿಸಿದಾಕಿ ನೀ. ಹಿಡಿ ಹಿಡಿಗೂ ಅಷ್ಟೊತ್ತು ಏನ ವಿಚಾರ ಮಾಡ್ತಿದ್ದಿ ಬೇ?"

"ವಿಚಾರ ಮಾಡೂದೇನೈತ್ರಿ ಮುನಷೇರ. ಮುಟ್ಟಿದ್ರ ಗೊತ್ತಾಗತೈತಿ."

"ಮತ್ಯಾಕ ಸುಮ್ಮನ ಕುಂತಿದ್ದಿ?"

"ಮೊದಲನೇ ದಿನ ನೀವೇ ಹೇಳಿದ್ರಲ್ಲರಿ, 'ಸ್ವಲ್ಪ ತಡೀರವ್ವ, ನಾ ಬರಕೋಬೇಕು' ಅಂತ. ನೀವು ಬರದು ಮುಗಿಸಿ ನಿಮ್ಮ ಲೆಕ್ಕಣಿಕಿ ಮ್ಯಾಲೆ ಏಳೂತನಕ ತಡೀತಿದ್ದೆ. ಬರಿಯೋರಿಗೆ ತ್ರಾಸ ಆಗಬಾರದ ನೋಡ್ರಿ."

ಗೋಣೆಪ್ಪನಿಗೆ ನೆನಪಾಯಿತು. ಹೌದು, ಹೇಳಿದ್ದ. ಉಳಿದವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಸರಸರ ಆರಿಸಿದ್ದರು. ಅವರದನ್ನು ಅಂದಾಜಿಗೆ ಬರೆದುಕೊಂಡಿದ್ದ. ಆ ಎಂಟು ಸೆಕೆಂಡು ಉರ್ದು ಅಂಕಿ ಹುಡುಕುತ್ತಿದ್ದ ತನ್ನ ತಲೆಯದು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

'ಮಂದಬುದ್ಧಿ' ಎಂಬ ಆ ಪದವನ್ನು ಹೊಡೆದುಹಾಕಲು ಕಾಗದ ಎಳೆದುಕೊಂಡು ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದ. ಹೊಡೆದರೆ ಸಾಹೇಬರ ಮುಂದೆ ನಿಂತು ತಪ್ಪು ನನ್ನದು, ನನಗೆ ಉರ್ದು ಸರಿಯಾಗಿ ಬರುವುದಿಲ್ಲ ಎನ್ನಬೇಕು. ಆಮೇಲೆ ಈ ಮೇಜು ತನ್ನದಾಗಿ ಉಳಿಯುವುದಿಲ್ಲ. ಲೆಕ್ಕಣಿಕೆ ಆ ಪದದ ಮೇಲೆಯೇ ನಿಂತುಬಿಟ್ಟಿತು, ಮಸಿ ಹರಡತೊಡಗಿತು.

ಹುಲಗಮ್ಮ ಬುತ್ತಿಗಂಟು ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದಳು. ಬಹಳ ಹೊತ್ತಾದರೂ ಲೆಕ್ಕಣಿಕೆ ಮೇಲೇಳದಿದ್ದಾಗ ಮೆಲ್ಲಗೆ ಕೇಳಿದಳು:

"ಬರದಾತೇನ್ರಿ ಮುನಷೇರ? ನಾ ಹೋಗ್ಲಿ?"