ಕಣ್ಣಾರೆ ನೋಡಿದ್ದೇನೆ

ಸಹಿಯ ಜಾಗವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಹಾಶ್ವೇತಾ ತುಂಬಿಸಿಟ್ಟಿದ್ದಳು. ಗಾಳಿಗೆ ಹಾರದಂತೆ ಹಾಳೆಯನ್ನು ಗಾಡಿಯ ಬಾನೆಟ್ಟಿಗೆ ಒತ್ತಿ ಹಿಡಿದು, ಪೆನ್ನನ್ನು ಗಂಡನ ಕೈಗೆ ಕೊಟ್ಟಳು. ಅಭಿನವ ಓದಿದ. ಓದಿದ್ದನ್ನೇ ಇನ್ನೊಮ್ಮೆ ಓದಿದ. ‘ಛಾವಣಿ ಕಾಂಟ್ರ್ಯಾಕ್ಟರ್ ಲೈಸೆನ್ಸಿಗೆ ಅರ್ಜಿ ಹಾಕಿರುವ ಈಕೆಯ ಕೆಲಸವನ್ನು ನಾನು ಛಾವಣಿಯ ಮೇಲೆಯೇ ನಿಂತು ಕಣ್ಣಾರೆ ನೋಡಿದ್ದೇನೆ’ ಎಂದಿತ್ತು ಕೊನೆಯ ಸಾಲು. ಅದಕ್ಕೆ ಲೈಸೆನ್ಸ್ ಇದ್ದವರೇ ಸಹಿ ಹಾಕಬೇಕು. ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಅವನೊಬ್ಬನಿಗೆ.

“ಹಾಕ್ರಿ ಲಗೂನ. ಲೈಸೆನ್ಸ್ ಆಫೀಸಿನವ್ರು ಕೇಳಿದ್ದರಾಗ ಇದೊಂದ ಉಳದೈತಿ. ಐದರೊಳಗ ಅಪ್‌ಲೋಡ್ ಆಗಬೇಕು, ಇವತ್ತ ಕಡೀ ದಿನ,” ಎಂದಳು.

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ಒಂದು ಮನೆಯ ಮೇಲೆ ಆಲಿಕಲ್ಲಿಗೆ ಒಡೆದ ಹೆಂಚುಗಳನ್ನೆಲ್ಲ ಬದಲಿಸಿ ಆಗಷ್ಟೇ ಇಳಿದಿದ್ದಳು. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು: ಏಣಿಯ ಬುಡದಲ್ಲಿ ಅವನು, ತುದಿಯಲ್ಲಿ ಅವಳು. ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಜೊತೆಗಾರ ಗೌತಮ್ ಕಣ್ಣೆದುರೇ ಛಾವಣಿಯಿಂದ ಬಿದ್ದು ಸತ್ತ ಮೇಲೆ ಅಭಿನವ ಏಣಿಯ ಮೂರನೇ ಮೆಟ್ಟಿಲು ದಾಟಿದವನಲ್ಲ. ಸಿಡ್ನಿಗೆ ಬಂದು ಊರು ಬದಲಾಯಿತು, ಕಾಲಿನ ನಡುಕ ಬದಲಾಗಲಿಲ್ಲ. ಕೆಳಗಿನಿಂದ ಅವನು ಕೂಗಿ ಹೇಳಿಕೊಟ್ಟದ್ದನ್ನು ಕಲಿತವಳು, ಈಗ ಅವನು ಬಾಯಿ ತೆರೆಯುವುದರೊಳಗೆ ಕೆಲಸ ಮುಗಿಸಿರುತ್ತಿದ್ದಳು. ಆದರೂ ಗಿರಾಕಿಗಳು ಅವಳನ್ನು ದಾಟಿ ಹೋಗಿ “ಬಾಸ್ ಎಲ್ಲಿ” ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಇನ್ನು ಸಾಕೆಂದೇ ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಪಾಸಾಗಿದ್ದಳು. ಕನ್ನಡದ ಗೆಳೆಯರು ಊಟಕ್ಕೆ ಸೇರಿದಾಗ ಹೆಂಡತಿಯನ್ನು ಮೇಲೆ ಹತ್ತಿಸಿ ಕೆಳಗೆ ನಿಲ್ಲುವ ಪುಣ್ಯಾತ್ಮ ಎಂದು ಅಭಿನವನನ್ನು ರೇಗಿಸುತ್ತಿದ್ದರು, ಆಮೇಲೆ ಗೌತಮನ ನೆನಪಾಗಿ ತಾವೇ ಸುಮ್ಮನಾಗುತ್ತಿದ್ದರು. ಹಾಗೆ ಸುಮ್ಮನಾಗುವುದು ಅವನಿಗೂ ಬೇಕಾಗಿತ್ತು.

“ನಾ ಮ್ಯಾಲೆ ನಿಂತ ನೋಡಿಲ್ಲಲ್ಲ, ಶ್ವೇತಾ.”

“ಕೆಳಗ ನಿಂತ ನೋಡೀರಲ್ಲ. ನಾ ಮಾಡಿದ ಒಂದರ ಮನಿ ಸೋರೇತೇನು?”

“ಇಲ್ಲ. ಆದ್ರ ಇದರಾಗ ಹಂಗ ಬರದಿಲ್ಲ.”

“ಹಂಗಿದ್ರ ಹತ್ರಿ. ನಾ ಹಿಂದ ಇರ್ತೀನಿ. ಒಂದ ಸಲ ನೋಡಿ ಬಂದ ಸಹಿ ಮಾಡ್ರಿ.”

ಅವನು ಏಣಿ ಹಿಡಿದ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲಿಟ್ಟದ್ದೇ ತಡ, ಅಂಗೈ ಬೆವೆತು ಹಿಡಿತ ಜಾರಿತು. ಹೇಗೋ ಇಳಿದು ಹುಲ್ಲಿನ ಮೇಲೆ ಕುಸಿದು ಕೂತ. ಮಹಾಶ್ವೇತಾ ಬೇಸರಿಸಲಿಲ್ಲ. ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ, ಆ ಕೈಯನ್ನು ತಡೆದುಕೊಳ್ಳಲಾಗಲಿಲ್ಲ.

“ಹೋಗ್ಲಿ ಬಿಡ್ರಿ, ಹತ್ತೂದು ಬ್ಯಾಡ. ಸುಮ್ನ ಸಹಿ ಹಾಕ್ರಿ. ಯಾರ ಬಂದ ಕೇಳ್ತಾರ?”

“ಗೌತಮ್ ಬಿದ್ದಾಗೂ ಯಾರೂ ಕೇಳ್ಲಿಲ್ಲ,” ಎಂದ ಅಭಿನವ.

ಅವಳಿಗೆ ಅರ್ಥವಾಗಲಿಲ್ಲ. ಅವನು ಹುಲ್ಲು ಕೀಳುತ್ತ, ತಲೆಯೆತ್ತದೆ ಹೇಳಿದ. “ಬೀಳದಂಗ ಸೊಂಟಕ್ಕ ಕಟ್ಟೋ ಹಗ್ಗ ಸಿಗಿಸೋ ಕೊಂಡಿ ಇರ್ತೈತಲ್ಲ, ಅದನ್ನ ದಿನಾ ಮುಂಜಾನೆ ಮ್ಯಾಲೆ ಹೋಗಿ ಜಗ್ಗಿ ನೋಡಬೇಕು. ನೋಡೇನಿ ಅಂತ ಹಾಳಿ ಮ್ಯಾಲೆ ಸಹಿ ಹಾಕಬೇಕು. ಅಲ್ಲಿ ಅದು ನನ್ನ ಕೆಲಸ. ಅವತ್ತ ಭಾಳ ಚಳಿ ಇತ್ತು. ಗಾಡ್ಯಾಗ ಕುಂತು ಚಾ ಕುಡಕೋತ ಸಹಿ ಹಾಕಿದೆ. ಒಮ್ಮೆ ಜಗ್ಗಿದ್ರ ಕೈಯಾಗ ಬರ್ತಿತ್ತು ಅದು.”

ತನಿಖೆಗೆ ಬಂದವರು ಆ ಹಾಳೆ ನೋಡಿದ್ದರು. ಸಹಿ ಇತ್ತು, ಗಂಟೆ ನಿಮಿಷ ಇತ್ತು. ಕೊಂಡಿ ಆಮೇಲೆ ಸಡಿಲಾಗಿರಬೇಕು ಎಂದು ಬರೆದುಕೊಂಡು ಹೋದರು. ಗೌತಮನ ತಾಯಿ ಹೇಮಲತಾ ಬೆಂಗಳೂರಿನಿಂದ ಫೋನು ಮಾಡಿ, “ಕೊನೇಲಿ ನೀವಾದ್ರೂ ಜೊತೇಲಿದ್ರಲ್ಲಪ್ಪ, ಅದೇ ಸಮಾಧಾನ” ಎಂದು ಅತ್ತಿದ್ದರು. ಅಂದಿನಿಂದ ಅವರ ನಂಬರು ಕಂಡರೆ ಅಭಿನವ ಫೋನೆತ್ತುವುದನ್ನೇ ಬಿಟ್ಟಿದ್ದ.

ಎಲ್ಲವನ್ನೂ ಹೇಳಿ ಮುಗಿಸಿದಾಗ ಅವನಿಗೆ ಹಗುರವೆನಿಸಿತು, ನಾಚಿಕೆಯಾಗುವಷ್ಟು ಹಗುರ. ನಾಲ್ಕು ವರ್ಷದಲ್ಲಿ ಮೊದಲ ಸಲ ನಿಜದ ಮಾತು ಬಾಯಿಗೆ ಬಂದಿತ್ತು, ಅದು ನಿಲ್ಲಲೊಲ್ಲದು.

“ಅದಕ್ಕ ಶ್ವೇತಾ, ನೋಡದ ಸಹಿ ಇನ್ನೊಮ್ಮೆ ನನ್ನಿಂದ ಆಗಂಗಿಲ್ಲ. ನಾಳೆ ಆ ಪಂಚಾಕ್ಷರಯ್ಯ ಅಂಕಲ್‌ನ ಕರಸ್ತೀನಿ. ಅವರಿಗೂ ಲೈಸೆನ್ಸ್ ಐತಿ, ಅವರೇ ಮ್ಯಾಲೆ ಹತ್ತಿ ನೋಡ್ಲಿ. ಆಫೀಸಿನವ್ರ ಕಡೆ ಇನ್ನೆರಡ ದಿನ ಟೈಮ್ ನಾ ಕೇಳ್ತೀನಿ. ನಿನ್ನ ಲೈಸೆನ್ಸ್ ಖರೇದ್ದಾಗಿ ಬರ್ಲಿ.”

ಬೆನ್ನ ಮೇಲಿನ ಕೈ ಯಾವಾಗಲೋ ಸರಿದುಹೋಗಿದ್ದು ಅವನಿಗೆ ಆಗ ತಿಳಿಯಿತು. ಮಹಾಶ್ವೇತಾ ತಾನು ಇಳಿದು ಬಂದ ಛಾವಣಿಯನ್ನೇ ದಿಟ್ಟಿಸುತ್ತಿದ್ದಳು. ಕಾಗದಪತ್ರವೆಲ್ಲ ಗಂಡನ ಪಾಲಿಗಿದ್ದುದರಿಂದ ಅವಳು ಇಷ್ಟು ವರ್ಷ ಒಂದು ಮಾತನ್ನು ಕೇಳಿಯೇ ಇರಲಿಲ್ಲ. ಈಗ ಬಹಳ ಮೆಲ್ಲಗೆ ಕೇಳಿದಳು:

“ದಿನಾ ಮುಂಜಾನೆ ನನ್ನ ಕೊಂಡಿ ಜಗ್ಗಿ ನೋಡೇನಿ ಅಂತ ಸಹಿ ಹಾಕ್ಕೋತ ಬಂದವ್ರು ಯಾರು?”